ಕನಮಡಿ ಹೊಲಕ್ಕೆ ಬಿದ್ದದ್ದು

ವಿಡಿಯೊ ಹಾಕಿ ಎಂಟು ದಿನಕ್ಕೆ ಎರಡು ಲಕ್ಷ ಮಂದಿ ನೋಡಿದ್ದರು. ಟಿಕೋಟಾದ ಚಹಾದಂಗಡಿಯಲ್ಲಿ ಕೂತರೆ ಸಾಕು, ಯಾರಾದರೂ ಬಂದು, "ಕಾಕಾ, ಹಾರುವ ತಟ್ಟೆ ಮುಟ್ಟಿದವ್ರು ನೀವ ಹೌದಲ್ರಿ?" ಎಂದು ಕೇಳುತ್ತಿದ್ದರು. ಅರವತ್ತೈದರ ಶಂಕ್ರೆಪ್ಪ ಮೀಸೆಯ ಮೇಲೆ ಕೈಯಾಡಿಸಿ ಮಗ ಮಾಡಿದ ವಿಡಿಯೊದಲ್ಲಿ ಹೇಳಿದ್ದನ್ನೇ ಮತ್ತೆ ಮೊದಲಿನಿಂದ ಹೇಳುತ್ತಿದ್ದ. ನಲವತ್ತು ವರ್ಷದ ಹಿಂದೆ, ಮಟಮಟ ಮಧ್ಯಾಹ್ನ, ಕನಮಡಿಯ ತಮ್ಮ ಹೊಲಕ್ಕೆ ಮುಗಿಲಿನಿಂದ ಬೆಳ್ಳಗಿನದೊಂದು ಬಿತ್ತು. ಬೆಲ್ಲದ ಕೊಪ್ಪರಿಗೆಯಷ್ಟು ಅಗಲ. ಬಾಗಿಲಿಲ್ಲ, ಬೆಸುಗೆಯ ಗೆರೆಯಿಲ್ಲ. ಅಂಥ ಬಿಸಿಲಲ್ಲೂ ಮುಟ್ಟಿದರೆ ಕೊಡದ ನೀರಿನ ಹಾಗೆ ತಣ್ಣಗೆ. ಮರುದಿನ ಜೀಪಿನಲ್ಲಿ ಬಂದವರು ಹವಾಮಾನದ ಬಲೂನು ಎಂದು ಹೇಳಿ, ತಾಡಪತ್ರಿ ಮುಚ್ಚಿ ಒಯ್ದರು. ಎಲ್ಲಿಗೆ ಒಯ್ದರೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಒಂಬತ್ತನೆಯ ದಿನ ಒಂದು ಫೋನು ಬಂತು.

"ನಾ ಸಂಘಮಿತ್ರಾರಿ, ಬಬಲೇಶ್ವರ ಬ್ಯಾಂಕಿನ್ಯಾಗ ಅದೀನಿ. ನಿಮ್ಮ ಹೊಲದಾಗ ದುಡೀತಿದ್ದ ಶಾಂತಪ್ಪನ ಮಗಳು. ನಿಮ್ಮ ವಿಡಿಯೊ ನೋಡಿದಾಗಿಂದ ಅಪ್ಪಾ ಒಂದ ಮಾತು ಕೇಳಾಕತ್ತಾನ್ರಿ. ಖರೇನ ನೀವೂ ಅದನ್ನ ಮುಟ್ಟಿದ್ರೇನ್ರಿ?"

"ನಾನ ಬಂದು ಹೇಳ್ತೇನಿ," ಎಂದಷ್ಟೇ ಹೇಳಿದ ಶಂಕ್ರೆಪ್ಪ.

ಅವತ್ತು ಅದು ಬಿದ್ದದ್ದನ್ನು ಇಬ್ಬರೂ ಕಂಡಿದ್ದರು. ಶಂಕ್ರೆಪ್ಪ ಹೆದರಿ, ಚಪ್ಪಲಿ ಅಲ್ಲೇ ಬಿಟ್ಟು ಊರಿನ ಕಡೆ ಓಡಿದ್ದ. ಹತ್ತಿರ ಹೋದವನು, ಮುಟ್ಟಿದವನು ಶಾಂತಪ್ಪ. ಜೀಪು ಹೋದ ಮೇಲೆ ಅವನು ಚಾವಡಿಯಲ್ಲಿ ಎಲ್ಲರ ಮುಂದೆ, ಅದು ಬಲೂನಲ್ಲ ಎಂದು ಕಂಡದ್ದನ್ನು ಕಂಡ ಹಾಗೆ ಹೇಳಿದ. ಹಿರಿಯರು ಶಂಕ್ರೆಪ್ಪನ ಮುಖ ನೋಡಿದರು. ಅದೇ ವಾರ ಅವನಿಗೆ ಹೆಣ್ಣು ಕೊಡುವವರು ಬರುವವರಿದ್ದರು. ಹುಚ್ಚ ಅನ್ನಿಸಿಕೊಂಡರೆ?

"ಬಲೂನ ಅದು. ಇಂವಾ ಕುಡದಿದ್ದ," ಎಂದುಬಿಟ್ಟ.

ಶಾಂತಪ್ಪ ಕುಡಿದವನೇ ಅಲ್ಲ. ಆದರೂ ಅಂದಿನಿಂದ ಊರಿಗೆಲ್ಲ 'ವಿಮಾನ ಶಾಂತ್ಯಾ' ಆದ. ವರ್ಷ ತುಂಬುವುದರೊಳಗೆ ಹೆಂಡತಿ ಸತ್ಯವ್ವನನ್ನು ಕರೆದುಕೊಂಡು ವಿಜಯಪುರ ಸೇರಿ, ಹಮಾಲಿ ಮಾಡಿ ಬದುಕಿದ.

ಫೋನು ಬಂದ ಮರುದಿನ ಶಂಕ್ರೆಪ್ಪ ವಿಜಯಪುರಕ್ಕೆ ಹೋದ. ಬಾಗಿಲಲ್ಲೇ ಶಾಂತಪ್ಪ ಅವನ ಎರಡೂ ಕೈ ಹಿಡಿದುಕೊಂಡ.

"ಬರ್ರಿ ಸಾಹುಕಾರ್ರ! ನೀವ ಬಲೂನ ಅಂದ ಮ್ಯಾಲ ನನಗೂ ಸಂಶೆ ಹತ್ತಿತ್ರಿ, ನಾನರ ಖರೇನ ಕಂಡೇನೋ ಇಲ್ಲೋ ಅಂತ. ಇಷ್ಟು ವರ್ಷ ನನ್ನ ಕೈನ ನಾ ನಂಬಲಿಲ್ರಿ. ತಣ್ಣಗಿತ್ತು ಅಂತ ನಿಮ್ಮ ಬಾಯಾಗ ಕೇಳಿದ ಮ್ಯಾಲ ಜೀವಾ ತಂಪಾತು ನೋಡ್ರಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೌದು ಅಂದುಬಿಟ್ಟರೆ ಈ ಮುದುಕ ನೆಮ್ಮದಿಯಿಂದ ಇರುತ್ತಾನೆ, ತಾನೂ ಪಾರಾಗುತ್ತೇನೆ ಎಂದು ಶಂಕ್ರೆಪ್ಪನಿಗೆ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಶಾಂತಪ್ಪ, ನಾ ಓಡಿ ಹೋಗಿದ್ನಿ. ಬಿದ್ದದ್ದು ಕಂಡೇನಿ, ಅದು ಬಲೂನಲ್ಲ, ಅಷ್ಟು ಖರೇ. ಮುಟ್ಟಿಲ್ಲ. ತಣ್ಣಗಿತ್ತು ಅಂತ ಚಾವಡ್ಯಾಗ ನೀ ಅಂದಿದ್ದಿ. ಅದನ್ನ ನಂದು ಅಂತ ಹೇಳೇನಿ."

ಶಾಂತಪ್ಪ ಹಿಡಿದ ಕೈ ಬಿಟ್ಟ. ಒಳಗಿನಿಂದ ಚಹಾ ತಂದ ಸತ್ಯವ್ವ ಇಬ್ಬರ ಮುಖ ನೋಡಿ, ಬಟ್ಟಲು ಕೆಳಗಿಟ್ಟಳು.

"ಅಂದ್ರ, ಮುಟ್ಟಿದಂವಾ ನಾ ಒಬ್ಬನ," ಎಂದ ಶಾಂತಪ್ಪ. "ಅದು ಏನಿತ್ತಂತ ನನ್ನ ಹೊರತು ಯಾರನ್ನ ಕೇಳಲಿ?"

ಶಂಕ್ರೆಪ್ಪ ಚಹಾ ಮುಟ್ಟದೆ ಎದ್ದ.

ಮನೆಗೆ ಬಂದವನೇ ಮಗ ಚೇತನಕುಮಾರನಿಗೆ ಹಳೆಯ ವಿಡಿಯೊ ತೆಗೆದುಹಾಕಿ, ಹೊಸದು ಮಾಡಲು ಹೇಳಿದ. ಮಂದಿ ಏನಂದಾರು ಎಂದು ಮಗ ಗೊಣಗಿದ, ಅಪ್ಪ ಬಿಡಲಿಲ್ಲ.

"ಅದನ್ನ ಮುಟ್ಟಿದಂವಾ ಶಾಂತಪ್ಪ. ಅವತ್ತ ಅಂವಾ ಕುಡದಿರಲಿಲ್ಲ. ಸುಳ್ಳ ಹೇಳಿದಂವಾ ನಾ."

"ಯಪ್ಪಾ, ತಲಿ ಎತ್ತಿ ಇನ್ನೊಮ್ಮೆ ಹೇಳ," ಎಂದ ಚೇತನಕುಮಾರ.

ಮೂರು ಸಲ ಹೇಳಿದ. ಮೂರು ಸಲವೂ ತಲೆ ಎತ್ತಲಾಗಲಿಲ್ಲ.