ಇಸ್ತ್ರಿ ಪೆಟ್ಟಿಗೆಯ ಕೆಳಗಿನ ಮುತ್ತು

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಸಾಮಾನಪ್ಪ ಎಂದು. ಚಿತ್ರೀಕರಣಕ್ಕೆ ಬೇಕಾದ ಸಾಮಾನೆಲ್ಲ ಅವನ ಕೋಣೆಯಲ್ಲೇ ಇರುತ್ತಿತ್ತು: ಗುಂಡು ಹಾರದ ಪಿಸ್ತೂಲು, ಯಾವ ಬೀಗಕ್ಕೂ ಹೊಂದದ ಕೀಲಿಕೈಗಳ ಗೊಂಚಲು, ರಾಣಿಯರ ಕೊರಳಿಗೂ ಕಳ್ಳರ ಜೇಬಿಗೂ ಸರದಿಯ ಮೇಲೆ ಹೋಗಿಬರುವ ಗಾಜಿನ ಹರಳುಗಳು. ಅದು ಕಪ್ಪು-ಬಿಳುಪಿನ ಕಾಲ, ಒಡವೆ ಕಳವಿನ ಚಿತ್ರಗಳ ಕಾಲ. ಅವುಗಳಲ್ಲಿ ಪೊಲೀಸರೆಲ್ಲ ಪೆದ್ದರು, ಕಳ್ಳ ಬಲು ಸಭ್ಯಸ್ಥ. ಗುಟ್ಟು ಬಿಡಿಸುವವನು ಮಾತ್ರ ಯಾರೋ ಗಡಿಯಾರ ರಿಪೇರಿಯವನು. ಜನ ಅಂಥವನ್ನು ಎಷ್ಟು ಕೊಟ್ಟರೂ ಬೇಡ ಎನ್ನುತ್ತಿರಲಿಲ್ಲ.

ಈ ಸಲದ ಪತ್ತೇದಾರಿಣಿ ಒಬ್ಬ ಶಾಲಾ ಟೀಚರು. ಕೊನೆಯಲ್ಲಿ ಆಕೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಮುತ್ತಿನ ಸರದ ಮೇಲೆ ಇಸ್ತ್ರಿ ಪೆಟ್ಟಿಗೆ ಎತ್ತಿ ಕುಕ್ಕಿ ಪುಡಿಮಾಡುತ್ತಾಳೆ. "ನೋಡಿ, ಬರೀ ಗಾಜು!" ಎನ್ನುತ್ತಾಳೆ. ಆಮೇಲೆ ಟೀ ಪಾತ್ರೆಯೊಳಗೆ ಕೈಹಾಕಿ ಅಸಲಿ ಸರ ತೆಗೆಯುತ್ತಾಳೆ. ಆ ಕೊನೆಯ ಕ್ಲೋಸಪ್ಪಿಗೆ ನಿಜವಾದ ಮುತ್ತೇ ಬೇಕೆಂದು ನಿರ್ದೇಶಕರು ಹಟ ಹಿಡಿದರು. ಸಾಮಾನಪ್ಪ ಹೋಗಿ ಅತ್ತಿಗೆಯ ಮುಂದೆ ನಿಂತ.

ಅತ್ತಿಗೆ ಈ ಮನೆಗೆ ಸೊಸೆಯಾಗಿ ಬಂದಾಗ ಅವನು ತಾಯಿಯಿಲ್ಲದ ಎಂಟು ವರ್ಷದ ತುಂಟ. ಅಣ್ಣ ತೀರಿಕೊಂಡ ಮೇಲೂ ಅವರು ಅವನ ಜೊತೆಗೇ ಉಳಿದರು. ತವರಿನಿಂದ ಅವರು ತಂದಿದ್ದರಲ್ಲಿ ಉಳಿದದ್ದು ಅದೊಂದೇ ಸರ. ಮುತ್ತನ್ನು ಹಲ್ಲಿಗೆ ಉಜ್ಜಿ ನೋಡುವುದನ್ನು ಅವನಿಗೆ ಕಲಿಸಿದವರೂ ಅವರೇ: ಅಸಲಿಯಾದರೆ ಸಣ್ಣ ಮರಳಿನಂತೆ ತರಿತರಿ ಎನ್ನುತ್ತದೆ, ನಕಲಿಯಾದರೆ ಜಾರುತ್ತದೆ.

"ನಮ್ಮಮ್ಮನ ಸರ ಸಿನಿಮಾದಲ್ಲಿ ಬರುತ್ತಾ?" ಎಂದು ಅತ್ತಿಗೆ ಕೊರಳಿಂದ ಬಿಚ್ಚಿಯೇಬಿಟ್ಟರು. "ತಗೊಂಡು ಹೋಗು. ಜೋಪಾನ ಕಣೋ."

ಮೂರು ವಾರ ಕೂತು ಅವನು ಅದರ ಗಾಜಿನ ನಕಲು ಮಾಡಿದ. ತಾಯಿ ಮಕ್ಕಳನ್ನು ಗುರುತಿಸುವಂತೆ ತಾನು ಅಸಲಿ ನಕಲಿ ಗುರುತಿಸುತ್ತೇನೆ ಎಂಬ ಜಂಬ ಅವನಿಗೆ. ಡಬ್ಬಿಗೆ ಎಂದೂ ಚೀಟಿ ಅಂಟಿಸಿದವನಲ್ಲ. "ನನ್ನ ಹಲ್ಲೇ ನನ್ನ ಚೀಟಿ" ಎನ್ನುತ್ತಿದ್ದ. ಚಿತ್ರೀಕರಣದ ದಿನ ಒಂದು ಸರ ಎತ್ತಿ ಹಲ್ಲಿಗೆ ಉಜ್ಜಿದ. ನುಣ್ಣಗೆ ಜಾರಿತು. ಇದು ನಕಲಿ ಎಂದು ಇಸ್ತ್ರಿ ಪೆಟ್ಟಿಗೆಯ ಪಕ್ಕ ಇಟ್ಟ. ಇನ್ನೊಂದನ್ನು ನೋಡುವ ಗೋಜಿಗೇ ಹೋಗದೆ ಟೀ ಪಾತ್ರೆಗೆ ಹಾಕಿದ.

ಅದಕ್ಕೆ ನಾಲ್ಕು ದಿನ ಮೊದಲು ಅವನು ಮುಂದಿನ ಹಲ್ಲುಗಳನ್ನೆಲ್ಲ ಕೀಳಿಸಿ ಹೊಸ ಹಲ್ಲು ಕಟ್ಟಿಸಿಕೊಂಡಿದ್ದ. ಕಟ್ಟಿಸಿದ ಹಲ್ಲಿಗೆ ಏನು ಗೊತ್ತಾಗುತ್ತದೆ, ಮಣ್ಣು! ಅದರ ಮೇಲೆ ಲೋಕದ ಮುತ್ತೆಲ್ಲ ಜಾರುತ್ತದೆ. ಈ ಮಾತು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ. ಹೆಂಡತಿ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು, ಅವನ ಅರ್ಧ ಜೀವ ಅಲ್ಲೇ ಇತ್ತು. ಶಾಟ್ ಮುಗಿದಾಗ ಅವನು ಪಕ್ಕದ ಸೆಟ್ಟಿನಲ್ಲಿ ಕುರ್ಚಿ ಜೋಡಿಸುತ್ತಿದ್ದ. ಬರುವಷ್ಟರಲ್ಲಿ ಗುಡಿಸುವವಳು ನೆಲ ಚೊಕ್ಕಮಾಡಿದ್ದಳು. ಟೀ ಪಾತ್ರೆಯ ಸರವನ್ನು ಅವನು ಅದೇ ಸಂಜೆ ಅತ್ತಿಗೆಯ ಕೈಗಿತ್ತ.

ಚಿತ್ರ ಬಿಡುಗಡೆಯಾಯಿತು. ಹೆಂಡತಿಗೆ ಇನ್ನೂ ಅಷ್ಟು ಹೊತ್ತು ಕೂರಲಾಗುತ್ತಿರಲಿಲ್ಲ. ಮಧ್ಯಾಹ್ನದ ಆಟಕ್ಕೆ ಅತ್ತಿಗೆಯೊಬ್ಬರನ್ನೇ ಕರೆದುಕೊಂಡು ಹೋದ. ಟೀಚರು ಇಸ್ತ್ರಿ ಪೆಟ್ಟಿಗೆ ಎತ್ತಿದಳು, ಕುಕ್ಕಿದಳು, ಪೆಟ್ಟಿಗೆ ಸರಿಸಿದಳು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಚೂಪಾದ ಗಾಜಿನ ಚೂರು ಒಂದೂ ಇಲ್ಲ. ಈರುಳ್ಳಿಯಂತೆ ಪದರಪದರವಾಗಿ ಒಡೆದ ಮುತ್ತು, ಸುತ್ತ ಬಿಳಿಯ ಪುಡಿ. "ನೋಡಿ, ಬರೀ ಗಾಜು!" ಎಂದಳು ಟೀಚರು. ಜನ ಹೋ ಎಂದರು. ಗಾಜು ಹಾಗೆ ಒಡೆಯುವುದಿಲ್ಲ ಎಂದು ಸಾಮಾನಪ್ಪನಿಗೆ ಗೊತ್ತಿತ್ತು.

ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒದರಿದ. ಹಲ್ಲು, ಡಬ್ಬಿ, ಪುಡಿ, ಒಂದನ್ನೂ ಬಿಡಲಿಲ್ಲ. ಅತ್ತಿಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ನಕಲಿ ಅಂತ ನನಗೆ ಗೊತ್ತು" ಎಂದರು. "ನೀನು ತಂದುಕೊಟ್ಟ ದಿನವೇ ಹಲ್ಲಿಗೆ ಉಜ್ಜಿ ನೋಡಿದೆ. ನನ್ನವು ಇನ್ನೂ ಸ್ವಂತ ಹಲ್ಲು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ, ಅತ್ತಿಗೆ?"

"ಏನಂತ ಕೇಳಲಿ? ಅವಳು ಆಸ್ಪತ್ರೆಯಲ್ಲಿದ್ದಳು. ನಿನಗೆ ಕಷ್ಟ ಇತ್ತು, ಮಾರಿಕೊಂಡೆ. ನನ್ನನ್ನೇ ಕೇಳಿದ್ರೆ ನಾನೇ ಕೊಡ್ತಿದ್ದೆನಲ್ಲೋ."

"ನಾನು ಮಾರಲಿಲ್ಲ! ದೇವರಾಣೆ, ಆ ಪೆಟ್ಟಿಗೆ ಕೆಳಗೆ ಪುಡಿಯಾಗಿದ್ದೇ ನಿಮ್ಮ ಸರ!"

ಅತ್ತಿಗೆ ಕೈ ಒರೆಸಿಕೊಂಡು ಅವನ ಕೆನ್ನೆ ಮುಟ್ಟಿದರು. "ಬಿಡು ಮರಿ. ಜೀವ ಉಳೀತಲ್ಲ, ಅದು ದೊಡ್ಡದು. ಅದಕ್ಕೆ ಇಷ್ಟುದ್ದ ಸಿನಿಮಾ ಕಥೆ ಯಾಕೆ ಕಟ್ಟಬೇಕು?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಮಾಡದ ಕಳ್ಳತನಕ್ಕೆ ಸಿಕ್ಕ ಕ್ಷಮೆಯನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ. ಗುಡಿಸುವವಳನ್ನು ಹುಡುಕಿಕೊಂಡು ಹೋದ. "ಕಸ ಕಸದ ಹಾಗೇ ಇತ್ತಪ್ಪ" ಎಂದಳು ಅವಳು. ಉಳಿದ ಸಾಕ್ಷಿ ಚಿತ್ರ ಒಂದೇ. ಅದೂ ಮರುದಿನ ಟಾಕೀಸಿನಿಂದ ಎತ್ತಂಗಡಿ ಆಗುವುದಿತ್ತು. ಬೇಡ ಬೇಡ ಎಂದರೂ ಕೇಳದೆ ಅತ್ತಿಗೆಯನ್ನು ಮತ್ತೆ ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದ.

"ಈಗ ನೋಡಿ ಅತ್ತಿಗೆ, ಈಗ! ಆ ಪುಡಿ! ಗಾಜು ಹಾಗಾಗುತ್ತಾ?"

ಅತ್ತಿಗೆ ಕನ್ನಡಕ ಸರಿಮಾಡಿಕೊಂಡು, ಅವನ ಸಮಾಧಾನಕ್ಕೆಂದೇ ಮುಂದಕ್ಕೆ ಬಾಗಿ ನೋಡಿದರು.

"ಹಿಟ್ಟಿನ ಹಾಗೆ ಕಾಣುತ್ತಪ್ಪ" ಎಂದು ಅವನ ಕೈ ಹಿಡಿದುಕೊಂಡರು. "ಸಾಕು. ನಾನು ಯಾವತ್ತೋ ಮರೆತಿದ್ದೀನಿ. ನೀನೂ ಮರೆತುಬಿಡು."

ಪರದೆಯ ಮೇಲೆ ಟೀಚರು ಟೀ ಪಾತ್ರೆಯೊಳಗಿಂದ ಅವನು ಮೂರು ವಾರ ಕೂತು ಮಾಡಿದ ಸರವನ್ನು ಎತ್ತಿ ಹಿಡಿದು, ಇದೇ ಅಸಲಿ ಎಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅತ್ತಿಗೆ ಅವನ ಕೈ ಬಿಟ್ಟು ತಾವೂ ತಟ್ಟಿದರು.