ಬಿಳಿ ರಾಜನ ಅಂಗಿ

ಕಲ್ಲಿನಿಂದಲೂ ನಾರು ತೆಗೆಯಬಹುದು ಎಂದು ಜನ ಹಿಗ್ಗುತ್ತಿದ್ದ ಕಾಲದಲ್ಲಿ ಒಬ್ಬ ಬಿಳಿ ರಾಜನಿದ್ದನಂತೆ. ಆ ಕಲ್ಲನ್ನು ಹತ್ತಿಯಂತೆ ಹಿಂಜಬಹುದಿತ್ತು, ಹಗ್ಗದಂತೆ ಹೊಸೆಯಬಹುದಿತ್ತು. ಬೆಂಕಿ ಅದನ್ನು ಕಂಡರೆ ಬಾಲ ಮುದುರಿಕೊಂಡು ಓಡುತ್ತಿತ್ತು. ರಾಜ ದಿನವಿಡೀ ಕಾದ ಕಬ್ಬಿಣದ ಹಾವುಗಳಿಗೆ ಆ ನಾರಿನ ಅಂಗಿ ತೊಡಿಸಿ, ಸಂಜೆ ಮನೆಗೆ ಬರುವಾಗ ತಲೆ, ಹುಬ್ಬು, ಮೀಸೆ, ಭುಜ ಎಲ್ಲವೂ ಬೆಳ್ಳಗಾಗಿರುತ್ತಿದ್ದ. ರಾಜಕುಮಾರ ಓಡಿಬಂದು ಅವನ ಕಾಲು ತಬ್ಬಿಕೊಂಡರೆ ಅವನೂ ಬೆಳ್ಳಗೆ. ಆಮೇಲೆ ರಾಣಿ ರಾಜನ ಅಂಗಿಯನ್ನು ಅಂಗಳಕ್ಕೆ ಒಯ್ದು ಪಟಪಟನೆ ಕೊಡವುತ್ತಿದ್ದಳು. ಇಳಿಬಿಸಿಲಿನಲ್ಲಿ ಆ ಪುಡಿ ಮಿಣಮಿಣ ಮಿನುಗುತ್ತಾ ಎಷ್ಟೋ ಹೊತ್ತು ಕೆಳಗಿಳಿಯುತ್ತಲೇ ಇರಲಿಲ್ಲ.

“ಆಮೇಲೆ ರಾಣಿ ಏನಾದ್ಲು?” ಎಂದು ಮಗ ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದ.

“ರಾಣಿಗೆ ಪಾತ್ರೆ ತೊಳೆಯೋದಿತ್ತು. ನೀನು ಮಲಗು.”

ಆ ಕತೆ ಕಟ್ಟಿದವಳು ಈಗ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಬಲಪಕ್ಕೆಗೆ ದಿಂಬು ಒತ್ತಿಕೊಂಡು ಡಾಕ್ಟರಮ್ಮನ ಎದುರು ಕುಳಿತಿದ್ದಳು. ಪಕ್ಕದಲ್ಲಿ ಅವಳ ರಾಜ. ಕಾರ್ಖಾನೆಯ ಬಾಯ್ಲರ್ ಪೈಪುಗಳಿಗೆ ಮೂವತ್ತು ವರ್ಷ ಕಲ್ನಾರಿನ ಪಟ್ಟಿ ಸುತ್ತಿದ ಅವನನ್ನು ಬೀದಿಯವರೆಲ್ಲ ಕರೆಯುವುದು ಪೈಪಣ್ಣ ಎಂದೇ. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಹೆಸರು ಮಾತ್ರ ಉಳಿದಿತ್ತು.

ಡಾಕ್ಟರಮ್ಮ ಕಾಗದದ ಬೆನ್ನಿನ ಮೇಲೆ ಚಿತ್ರ ಬರೆದು ತೋರಿಸಿದರು. “ಶ್ವಾಸಕೋಶದ ಸುತ್ತ ಒಂದು ತೆಳು ಪೊರೆ ಇರುತ್ತೆ. ಕ್ಯಾನ್ಸರ್ ಆ ಪೊರೆಯಲ್ಲಿದೆ. ಗಂಟಾಗಿದ್ರೆ ಕತ್ತರಿಸಬಹುದಿತ್ತು. ಇದು ಗೋಡೆಗೆ ಬಳಿದ ಸುಣ್ಣದ ಹಾಗೆ ಹರಡಿದೆ, ಆಪರೇಷನ್ ಆಗಲ್ಲ. ಕೈಯ ನರದಿಂದ ಕೀಮೋ ಕೊಟ್ರೆ ಔಷಧ ಮೈಯೆಲ್ಲ ಸುತ್ತಿ, ಬೇಕಾದ ಕಡೆಗೆ ಸ್ವಲ್ಪವೇ ತಲುಪುತ್ತೆ. ಅದಕ್ಕೆ ಹೊಸ ದಾರಿಯೊಂದನ್ನ ಪರೀಕ್ಷೆ ಮಾಡ್ತಿದ್ದೀವಿ. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಗೆ ಮೇಲಕ್ಕೆ ಕಳಿಸಿ, ಆ ಪೊರೆಗೆ ರಕ್ತ ಕೊಡೋ ನಾಳದ ಬಾಯಿಗೇ ಔಷಧ ಬಿಡೋದು.”

ಇದುವರೆಗೆ ತಲೆಬುಡ ತಿಳಿಯದೆ ಕುಳಿತಿದ್ದ ಪೈಪಣ್ಣ ಮುಂದಕ್ಕೆ ಬಾಗಿದ. “ಅಂದ್ರೆ ಮೇನ್ ಲೈನಿಗೆ ಬಿಡದೆ, ಬೇಕಾದ ಬ್ರಾಂಚಿಗೆ ಮಾತ್ರ ವಾಲ್ವ್ ತೆರೆದ ಹಾಗೆ.”

“ಹೌದು, ಹಾಗೇ.”

“ಹಾಗಾದ್ರೆ ವಾಸಿಯಾಗುತ್ತೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಅದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಪರೀಕ್ಷೆ. ಕುಗ್ಗಬಹುದು, ಉಸಿರು ಸಲೀಸಾಗಬಹುದು. ಏನೂ ಆಗದೆಯೂ ಇರಬಹುದು, ತೊಂದರೆಯೂ ಆಗಬಹುದು. ಇವರಿಗಿಂತ ಮೊದಲು ಹದಿಮೂರು ಜನಕ್ಕೆ ಕೊಟ್ಟಿದ್ದೀವಿ. ಕೆಲವರಿಗೆ ಕುಗ್ಗಿದೆ, ಕೆಲವರಿಗೆ ಇಲ್ಲ. ನೀವು ಬೇಡ ಅಂದ್ರೂ ಬೇಜಾರಿಲ್ಲ, ಮಾಮೂಲಿ ಚಿಕಿತ್ಸೆ ನಡೆಯುತ್ತೆ.”

ಪೈಪಣ್ಣನ ತಲೆಯೊಳಗೆ ಮತ್ತೆ ಹೊಗೆ ತುಂಬಿತು. ಪೈಪು ಅರ್ಥವಾಗಿತ್ತು, ಆ ‘ಬಹುದು’ಗಳು ಅರ್ಥವಾಗಲಿಲ್ಲ. ಹೆಂಡತಿ ಮಾತ್ರ ಹದಿನಾರು ಹಾಳೆಯ ಒಪ್ಪಿಗೆ ಪತ್ರವನ್ನು ಬೆರಳಿಟ್ಟು ಓದಿದಳು. ಎರಡು ಕಡೆ ಪ್ರಶ್ನೆ ಕೇಳಿದಳು. ಆಮೇಲೆ ಸಹಿ ಹಾಕಿದಳು.

“ಯೋಚನೆ ಮಾಡೋದಲ್ವೇನೇ?” ಎಂದ ಅವನು.

“ನಿಮ್ಮನ್ನ ಕಟ್ಕೊಳ್ಳುವಾಗ ಯಾರೂ ಇಷ್ಟು ವಿವರ ಕೊಟ್ಟಿರಲಿಲ್ಲ. ಅದಕ್ಕೇ ಒಪ್ಪಿದವಳು ಇದಕ್ಕೆ ಒಪ್ಪಲ್ವಾ?”

ಡಾಕ್ಟರಮ್ಮ ನಕ್ಕು ಇನ್ನೊಂದು ಹಾಳೆ ತಿರುವಿದರು. “ಒಂದು ವಿವರ ಬಾಕಿ ಇದೆ. ಇವರಿಗೆ ಆಸ್ಬೆಸ್ಟಾಸ್, ಅಂದ್ರೆ ಕಲ್ನಾರಿನ ಧೂಳಿನ ಸಂಪರ್ಕ ಇತ್ತಾ? ನಲವತ್ತು ವರ್ಷದ ಹಿಂದಿನದಾದ್ರೂ ಸರಿ. ಈ ಕಾಯಿಲೆ ಅಷ್ಟು ನಿಧಾನವಾಗಿ ತಲೆ ಎತ್ತುತ್ತೆ.”

“ಇಲ್ಲ,” ಎಂದ ಪೈಪಣ್ಣ ಥಟ್ಟನೆ. “ಅವಳು ಮನೇಲೇ ಇದ್ದವಳು. ಕಾರ್ಖಾನೆ ಗೇಟೂ ನೋಡಿಲ್ಲ.”

ಹೇಳಿದ್ದು ಸುಳ್ಳೋ ನಿಜವೋ ಅವನಿಗೇ ತಿಳಿಯಲಿಲ್ಲ. ಒಂದೊಂದು ಪದವೂ ನಿಜ. ಒಟ್ಟಿಗೆ ಸೇರಿದಾಗ ಮಾತ್ರ ಏನೋ ಬಿಟ್ಟುಹೋದಂತಿತ್ತು.

“ನಿಮ್ಮ ಕೆಲಸದ ಬಟ್ಟೆ ಯಾರು ಒಗೀತಿದ್ರು?”

ಗೋಡೆಯ ಫ್ಯಾನು ಎಡಕ್ಕೆ ತಿರುಗಿ ಬಲಕ್ಕೆ ಬಂತು.

“ನಾನೇ,” ಎಂದಳು ಹೆಂಡತಿ. “ಒಗೆಯೋ ಮುಂಚೆ ಅಂಗಳದಲ್ಲಿ ಕೊಡವ್ತಿದ್ದೆ. ಮನೆಯೊಳಗೆ ಧೂಳು ಬೇಡ ಅಂತ.”

ಡಾಕ್ಟರಮ್ಮ ‘ಇಲ್ಲ’ ಎಂದು ಬರೆದದ್ದನ್ನು ಹೊಡೆದುಹಾಕಿ, ಅದರ ಮೇಲೆ ನಿಧಾನವಾಗಿ ಬೇರೆ ಬರೆದರು.

*

ಗುರುವಾರ ಚಿಕಿತ್ಸೆ ಎಂದು ಗೊತ್ತಾಗಿ, ಸೋಮವಾರವೇ ಅವಳಿಗೆ ವಾರ್ಡಿನಲ್ಲಿ ಹಾಸಿಗೆ ಕೊಟ್ಟರು. ಸಂಜೆ ಹೊರಡಲು ಎದ್ದ ಗಂಡನನ್ನು ಅವಳು ಕೂರಿಸಿಕೊಂಡಳು.

“ರೀ, ಮಗನಿಗೆ ಹೇಳಿ.”

ಮಗ ಎರಡು ತಿಂಗಳಿಂದ ಹಳೇ ಶೆಡ್ಡುಗಳನ್ನು ಕೆಡವುವ ಕೆಲಸಕ್ಕೆ ಹೋಗುತ್ತಿದ್ದ. ಚಾವಣಿಯ ಕಲ್ನಾರಿನ ಶೀಟುಗಳನ್ನು ಒಡೆದು ಇಳಿಸಬೇಕು. ಮನೆಯಲ್ಲಿ ಸೊಸೆಗೆ ಏಳು ತಿಂಗಳು.

“ಏನಂತ ಹೇಳಲಿ?” ಎಂದ ಅವನು.

“ಆ ಅಂಗಿ ಮನೆಗೆ ತರಬೇಡ ಅಂತ. ಯಾಕೆ ಅಂತಲೂ.”

“ನೀನೇ ಹೇಳಬಹುದಲ್ಲ.”

“ನಾನು ಹೇಳಿದ್ರೆ ಅಮ್ಮನ ಪುಕ್ಕಲುತನ ಅಂತಾನೆ. ಧೂಳಿಂದ ಏನೂ ಆಗಲ್ಲ ಅನ್ನೋದಕ್ಕೆ ಅವನಿಗೆ ನಿಮ್ಮ ಎದೆಯೇ ಸಾಕ್ಷಿ. ಸಾಕ್ಷಿಯೇ ಬಾಯಿಬಿಡಬೇಕು.” ಉಸಿರು ಸಾಲದೆ ಅವಳು ದಿಂಬಿಗೆ ಒರಗಿದಳು. “ಕತೆ ಕಟ್ಟಿದವಳು ನಾನೇ, ಗೊತ್ತು. ಹೇಳೋಕೆ ನನಗೂ ಕಷ್ಟ. ಗುರುವಾರ ನಾನು ಆ ಕೋಣೆಯಿಂದ ಹೊರಗೆ ಬರೋದ್ರೊಳಗೆ ಹೇಳಿರಬೇಕು. ಮಾತು ಕೊಡಿ.”

“ಕೊಟ್ಟೆ ಬಿಡು,” ಎಂದ. ಕೊಟ್ಟ ಮಾತು ಮೆಟ್ಟಿಲಿಳಿಯುವಷ್ಟರಲ್ಲೇ ಭಾರವಾಯಿತು.

ಮನೆ ಮುಟ್ಟುವಾಗ ಮಗ ಆಗಷ್ಟೇ ಬಂದಿದ್ದ. ರೆಪ್ಪೆಯ ಮೇಲೂ ಬಿಳಿ ಪುಡಿ. ಹೆಂಡತಿಯ ಹೊಟ್ಟೆಯ ಬಳಿ ಬಾಗಿ, “ಬಿಳಿ ರಾಜ ಬಂದಿದ್ದೀನಿ, ಬಾಗಿಲು ತೆಗೀರಿ,” ಎನ್ನುತ್ತಿದ್ದ. ಸೊಸೆ ನಗುತ್ತಾ ಅವನ ಅಂಗಿ ಬಿಚ್ಚಿಸಿಕೊಂಡು, ಬಾಲ್ಕನಿಯ ಕಂಬಿಯಾಚೆ ಚಾಚಿ ಕೊಡವಿದಳು. ಬೀದಿದೀಪದ ಬೆಳಕಿನಲ್ಲಿ ಪುಡಿ ಮಿಣಮಿಣ ಮಿನುಗಿತು.

ಪೈಪಣ್ಣ ಬಾಯಿ ತೆರೆದ. “ಊಟ ಆಯ್ತಾ?” ಎಂಬ ಮಾತು ಹೊರಬಂತು.

“ಈಗ ಬಂದಿದ್ದೀನಪ್ಪ,” ಎಂದ ಮಗ.

ಮಂಗಳವಾರ ಸುತ್ತುದಾರಿ ಹಿಡಿದು ನೋಡಿದ. “ಅಲ್ಲ ಕಣೋ, ಶೀಟು ಇಳಿಸುವಾಗ ನೀರು ಹೊಡೀತಾರಾ?”

“ನೀರು ಹೊಡೆದ್ರೆ ಜಾರುತ್ತೆ. ಮೇಲೆ ನಿಂತವನು ಕೆಳಗೆ ಬೀಳ್ತಾನೆ. ಮೇಸ್ತ್ರಿ ಬೇಡ ಅಂದಿದ್ದಾನೆ. ಮಾಸ್ಕ್ ಕೊಟ್ಟಿದ್ದಾರೆ, ಹಾಕ್ಕೊಂಡ್ರೆ ಬಿಸಿಲಲ್ಲಿ ಉಸಿರೇ ಕಟ್ಟುತ್ತೆ. ಯಾಕಪ್ಪ?”

“ಸುಮ್ಮನೆ. ಧೂಳು ಒಳ್ಳೇದಲ್ಲ ಅಂತಾರೆ.”

ಮಗ ಜೋರಾಗಿ ನಕ್ಕ. “ಅಂತಾರೆ. ನೀನು ಮೂವತ್ತು ವರ್ಷ ಅದರಲ್ಲೇ ಉರುಳಾಡಿದೆ. ಮೂರು ಮಹಡಿ ಹತ್ತಿದ್ರೂ ಏದುಸಿರು ಬಿಡಲ್ಲ, ಕಲ್ಲುಗುಂಡು. ಅಮ್ಮ ಕಾರ್ಖಾನೆ ಕಡೆ ತಲೆ ಹಾಕಿದವಳೂ ಅಲ್ಲ, ಅವಳಿಗೆ ಬಂತು. ಎಲ್ಲ ಹಣೆಬರಹ.”

ಪೈಪಣ್ಣನಿಗೆ ಅದೂ ಸರಿ ಎನ್ನಿಸಿತು. ತನಗೇಕೆ ಬರಲಿಲ್ಲ? ಮಗ ಹೇಳಿದ್ದು ಸರಿಯಾದರೆ ಡಾಕ್ಟರಮ್ಮ ಬರೆದದ್ದು ತಪ್ಪು. ಡಾಕ್ಟರಮ್ಮ ಸರಿಯಾದರೆ... ಅಲ್ಲಿಗೆ ಬಂದು ಯೋಚನೆ ಕಾಲು ಕಟ್ಟಿದ ಕುದುರೆಯಂತೆ ನಿಂತುಬಿಡುತ್ತಿತ್ತು. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುತ್ತು.

ಬುಧವಾರ ವಾರ್ಡಿನಲ್ಲಿ ಅವಳು ಕೇಳಿದಳು, “ಹೇಳಿದ್ರಾ?”

“ನಾಳೆ.”

“ಹಳೇ ಮನೆ ಸೋರ್ತಿದ್ದಾಗಲೂ ನಾಳೆ ಅಂತಾನೇ ಅಂದ್ರಿ. ಎರಡು ಮಳೆಗಾಲ ಬಕೀಟು ಇಟ್ಟೆ.” ಅಷ್ಟು ಹೇಳಿ ಅವಳು ಗೋಡೆಯ ಕಡೆ ಹೊರಳಿದಳು. ಬೆನ್ನಿನ ಮೂಳೆಗಳು ನಿಲುವಂಗಿಯ ಮೇಲೆ ಒಂದೊಂದಾಗಿ ಎದ್ದು ಕಂಡವು.

*

ಗುರುವಾರ ಹತ್ತಕ್ಕೆ ಅವಳನ್ನು ಒಳಗೆ ಕರೆದೊಯ್ದರು. ಎರಡೂವರೆ ಗಂಟೆ ಬೇಕು ಎಂದರು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಪೈಪಣ್ಣ ಮತ್ತು ಸೊಸೆ ಎದುರಿನ ಬೆಂಚಿನಲ್ಲಿ ಕುಳಿತರು. ಈಗ ನಳಿಗೆ ಎಲ್ಲಿ ಮುಟ್ಟಿರಬಹುದು, ಯಾವ ತಿರುವಿನಲ್ಲಿರಬಹುದು ಎಂದು ಅವನು ತನ್ನ ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದ.

ಹನ್ನೆರಡು ದಾಟಿದ ಮೇಲೆ ಮಗ ಬಂದ. ಊಟದ ಬಿಡುವಿನಲ್ಲಿ ಸೈಟಿನಿಂದ ನೇರ ಓಡಿಬಂದಿದ್ದ. ಮೈಮೇಲೆ ಕೆಲಸದ ಅಂಗಿಯೇ ಇತ್ತು. “ಇನ್ನೂ ಆಗಿಲ್ವಾ?” ಎನ್ನುತ್ತಾ ಹೆಂಡತಿಯ ಪಕ್ಕ ಕುಸಿದು ಕುಳಿತ.

“ಇದೇನ್ರೀ ಈ ಅವತಾರ, ಆಸ್ಪತ್ರೆಗೆ ಹೀಗಾ ಬರೋದು?” ಎಂದು ಸೊಸೆ ಅವನ ಭುಜ ತಟ್ಟಲು ಕೈ ಎತ್ತಿದಳು.

ಪೈಪಣ್ಣ ಆ ಕೈ ಹಿಡಿದುಬಿಟ್ಟ.

“ಕೊಡವಬೇಡಮ್ಮ.”

“ಮಾವ, ನೋಯುತ್ತೆ,” ಎಂದಳು ಅವಳು. ಅವನು ಹಿಡಿತ ಸಡಿಲಿಸಿದ; ಕೈ ಮಾತ್ರ ಬಿಡಲಿಲ್ಲ.

“ನೀನು ಆ ಕಡೆ ಕೂತ್ಕೊಳ್ಳಮ್ಮ. ಲೋ, ನೀನು ಅಲ್ಲಾಡಬೇಡ. ನಿಮ್ಮಮ್ಮನಿಗೆ ಬಂದಿರೋದು ನನ್ನ ಅಂಗಿಯಿಂದ.”

ಮಗ ಅಪ್ಪನ ಮುಖವನ್ನೇ ನೋಡಿದ. “ಯಾರು ಹೇಳಿದ್ದು?”

“ಡಾಕ್ಟರಮ್ಮ ಬರ್ಕೊಂಡ್ರು. ಬರೆಯೋ ಮುಂಚೆಯೇ ನನಗೆ ಗೊತ್ತಿತ್ತೋ ಏನೋ.” ಪೈಪಣ್ಣನ ಮಾತು ಎಡವುತ್ತಾ ಬಂತು. “ಕಾರ್ಖಾನೇಲಿ ಸ್ನಾನದ ಮನೆ ಇತ್ತು. ಅಂಗಿ ಅಲ್ಲೇ ಬಿಚ್ಚಿಟ್ಟು, ಮೈ ತೊಳ್ಕೊಂಡು ಬರಬಹುದಿತ್ತು. ಸಾಲು ಇರ್ತಿತ್ತು, ಅರ್ಧ ಗಂಟೆ. ಒಂದಿನ ಹಾಗೇ ತೊಳ್ಕೊಂಡು ಬಂದೆ. ನೀನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ, ಬಿಳಿ ರಾಜ ಎಲ್ಲಿ ಅಂತ. ನಾಲ್ಕು ವರ್ಷ ನಿನಗೆ. ಆಮೇಲೆ ನಾನು ಆ ಸಾಲಿಗೆ ನಿಲ್ಲಲೇ ಇಲ್ಲ.”

“ಅಂದ್ರೆ ನನ್ನಿಂದ ಅಂತೀಯಾ?”

“ಇಲ್ಲಪ್ಪ. ಮಗು ಅಳುತ್ತೆ. ದೊಡ್ಡವನು ನಾನಿದ್ನಲ್ಲ.” ಅವನು ಮಗನ ಕಡೆ ತಿರುಗಿ ಕುಳಿತ. “ಸಾಹೇಬರು ನೋಡೋಕೆ ಬರೋ ದಿನ ಮಾತ್ರ ನೆಲಕ್ಕೆ ನೀರು ಹೊಡೆಸ್ತಿದ್ರು. ಧೂಳು ಏಳಬಾರದು ಅಂತ. ಅವರ ಮೂಗಿಗೆ ಆಗದ್ದು ನಮ್ಮ ಮೂಗಿಗೆ ಹೇಗಾಗುತ್ತೆ ಅಂತ ನಾನು ಒಂದು ಸಲಾನೂ ಕೇಳಲಿಲ್ಲ. ನೀರು ಹೊಡೆಯೋನೂ ನಾನೇ ಆಗಿದ್ದೆ.”

ಸೊಸೆ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

“ನಿನಗ್ಯಾಕೆ ಬರಲಿಲ್ಲ ಮತ್ತೆ?” ಮಗನ ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆ ಎಂಬುದು ಅವನಿಗೂ ತಿಳಿದಂತಿರಲಿಲ್ಲ.

“ಗೊತ್ತಿಲ್ಲ. ಎಷ್ಟು ತಿರುವಿ ಹಾಕಿದ್ರೂ ಗೊತ್ತಾಗ್ತಿಲ್ಲ. ನಾಳೆ ಬರಬಹುದು, ಬರದೆಯೂ ಇರಬಹುದು. ನನ್ನನ್ನ ನೋಡಿ ಮಾತ್ರ ಲೆಕ್ಕ ಹಾಕಬೇಡ.”

“ನಾನೂ ನಿನ್ನ ಕಾಲು ತಬ್ಬಿಕೊಳ್ತಿದ್ದೆ.”

“ಹೂಂ,” ಎಂದ ಪೈಪಣ್ಣ.

ಆಮೇಲೆ ಪೈಪಣ್ಣ ಎದ್ದು ಮಗನ ತೋಳು ಹಿಡಿದು ಬಚ್ಚಲಿಗೆ ಕರೆದೊಯ್ದ. ಅಂಗಿ ಬಿಚ್ಚಲು ಹೋದ ಮಗನನ್ನು ತಡೆದು, “ಮೊದಲು ನೆನೀಬೇಕು,” ಎಂದ. ಮಗ್ಗಿನಲ್ಲಿ ನೀರು ಹಿಡಿದು ತಲೆ, ಭುಜ, ಬೆನ್ನಿನ ಮೇಲೆ ನಿಧಾನವಾಗಿ ಸುರಿದ. ನೀರು ಹಾಲಿನಂತೆ ಇಳಿದು ಹೋಯಿತು. ಎಷ್ಟೋ ವರ್ಷಗಳ ಮೇಲೆ ಮಗನ ತಲೆಗೆ ನೀರು ಹೊಯ್ಯುತ್ತಿದ್ದ. ಈಗ ಮಗನೇ ಸ್ವಲ್ಪ ಬಾಗಬೇಕಾಯಿತು.

ಬಾಗಿಲಲ್ಲಿ ಪೊರಕೆ ಹಿಡಿದು ಬಂದ ಆಯಾ ಸೊಂಟಕ್ಕೆ ಕೈಯಿಟ್ಟಳು. “ಇದೇನು ನಿಮ್ಮ ಮನೆ ಬಚ್ಚಲಾ?”

“ಧೂಳಮ್ಮ. ಒಣಗಿದ್ರೆ ಏಳುತ್ತೆ,” ಎಂದ ಪೈಪಣ್ಣ. “ನೆಲ ನಾನೇ ತೊಳೆದು ಹೋಗ್ತೀನಿ. ನೀವು ಪೊರಕೆ ಹಾಕಬೇಡಿ.”

ಅವನು ಹೇಳಿದಂತೆಯೇ ತೊಳೆದ. ಒದ್ದೆ ಅಂಗಿಯನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು, ಇನ್ನೊಂದು ಚೀಲದೊಳಗೆ ಇಳಿಸಿ, ಪೈಪಿಗೆ ಪಟ್ಟಿ ಸುತ್ತಿ ಬಿಗಿಯುತ್ತಿದ್ದ ಹಾಗೆಯೇ ಗಂಟು ಬಿಗಿದ. ತನ್ನ ಅಂಗಿ ಬಿಚ್ಚಿ ಮಗನಿಗೆ ಕೊಟ್ಟ. ಅದು ಎದೆಯ ಹತ್ತಿರ ಮುಚ್ಚಲಿಲ್ಲ.

“ಸೈಟಲ್ಲಿ ಒಂದು ನಲ್ಲಿ ಇದೆ,” ಎಂದ ಮಗ, ಗುಂಡಿಯ ಜೊತೆ ಗುದ್ದಾಡುತ್ತಾ. “ಪೈಪು ಎಳೆದ್ರೆ ಮೇಲಿನ ತನಕ ಬರಬಹುದು. ಮೇಸ್ತ್ರಿ ಜಾರುತ್ತೆ ಅಂತಾನೆ.”

“ಜಾರದ ಹಾಗೆ ಹಲಗೆ ಕಟ್ಟೋದು ನನಗೆ ಗೊತ್ತು. ಪೈಪೂ ನಾನೇ ಎಳೀತೀನಿ. ಬೆಳಿಗ್ಗೆ ಜೊತೇಲೇ ಹೋಗೋಣ.”

ಅವರು ಬೆಂಚಿಗೆ ಮರಳುವಾಗ ಕೆಂಪು ದೀಪ ಆರಿತ್ತು. ಗಾಲಿಮಂಚ ಹೊರಬಂತು. ಹಿಂದೆಯೇ ಬಂದ ಡಾಕ್ಟರಮ್ಮ ಟೋಪಿ ತೆಗೆಯುತ್ತಾ, “ನಳಿಗೆ ಸರಿಯಾದ ಜಾಗಕ್ಕೇ ಹೋಯ್ತು, ಔಷಧವೂ ಹೋಯ್ತು. ಮಿಕ್ಕಿದ್ದು ಆರು ವಾರ ಆದ ಮೇಲೆ ನೋಡಬೇಕು,” ಎಂದರು.

ಹೆಂಡತಿ ಕಣ್ಣು ತೆರೆದಳು. ಬನಿಯನ್ನಿನಲ್ಲಿ ನಿಂತ ಗಂಡನನ್ನು, ತಲೆಯಿಂದ ನೀರು ತೊಟ್ಟಿಕ್ಕುತ್ತಾ ಅಪ್ಪನ ಅಂಗಿಯೊಳಗೆ ಸಿಕ್ಕಿಕೊಂಡ ಮಗನನ್ನು, ಒಂದು ಮಾರು ದೂರ ನಿಂತ ಸೊಸೆಯನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅವಳ ಒಣಗಿದ ತುಟಿ ಅಲ್ಲಾಡಿತು.

“ಅಂಗಿ ಎಲ್ಲಿ?”

ಪೈಪಣ್ಣ ಗಂಟು ಹಾಕಿದ ಚೀಲವನ್ನು ಅವಳ ಕಣ್ಣಿಗೆ ಕಾಣುವಷ್ಟು ಎತ್ತಿ ಹಿಡಿದ.

“ಹೇಳಿದೆ ಕಣೆ,” ಎಂದ.