ಬಲಗಡೆಯ ಕನ್ನಡಿ

ನಾನು ಒಂದು ಕನ್ನಡಿ. ಮದುಮಗಳು ಮುಖ ನೋಡಿಕೊಳ್ಳುವ ಕನ್ನಡಿಯಲ್ಲ, ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸುವ ಅಂಗೈಯಗಲದ ಕನ್ನಡಿ. ಹಿಂದೆ ಬರುವವರನ್ನು ಸವಾರನಿಗೆ ತೋರಿಸುವುದು ನನ್ನ ಕೆಲಸ. ಆ ಕೆಲಸವನ್ನು ಒಂದು ದಿನವೂ ಸರಿಯಾಗಿ ಮಾಡಲಿಲ್ಲ ಎಂದರೆ ನೀವು ನಗಬಹುದು. ನಗಿ. ತಪ್ಪು ಮಾತ್ರ ನನ್ನದಲ್ಲ, ಕೆಳಗಿದ್ದ ಇಂಜಿನ್ನಿನದು.

ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಗಾಜಿನ ಬೆನ್ನಿಗೆ ಬಣ್ಣ ಬಳಿದು, ಕಪ್ಪು ಚಿಪ್ಪಿನಲ್ಲಿ ಕೂರಿಸಿ, ಕೊನೆಗೆ ಒಬ್ಬ ಹುಡುಗಿಯ ಕೈಗೆ ಕೊಟ್ಟರು. ಅವಳು ಹಳದಿ ಬಟ್ಟೆಯಿಂದ ನನ್ನನ್ನು ಒರೆಸಿ, ಹಣೆಯ ಬೊಟ್ಟು ಸರಿಯಾಗಿದೆಯೇ ಎಂದು ನನ್ನಲ್ಲಿ ನೋಡಿಕೊಂಡಳು. ಬೊಟ್ಟಿನ ಅಂಚು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಬದುಕೆಲ್ಲ ಹೀಗೇ ಇರುತ್ತದೆ ಎಂದುಕೊಂಡೆ.

ಗದಗಿನ ಅಂಗಡಿಯೊಂದರಲ್ಲಿ ನನ್ನನ್ನೂ ನನ್ನ ಜೋಡಿಯನ್ನೂ ಒಂದು ಬೈಕಿಗೆ ತಿರುಪಿದರು. ಅದನ್ನು ಕೊಂಡವನು ಮಹಾಂತೇಶ, ಊರೂರು ತಿರುಗಿ ಬಿತ್ತನೆ ಬೀಜ ಮಾರುವ ಹುಡುಗ. ಅವನು ಕಿಕ್ ಹೊಡೆದ, ಲೋಕವೆಲ್ಲ ಕಲಸಿಹೋಯಿತು. ಹಿಂದಿನ ಲಾರಿ ಒಂದು ಹಸಿರು ಮುದ್ದೆ, ಸೈಕಲ್ಲಿನವನಿಗೆ ನಾಲ್ಕು ತಲೆ. ಇಂಜಿನ್ ನಿಂತಾಗ ನಾನು ತಿಳಿಯಾಗುತ್ತಿದ್ದೆ ನಿಜ, ಆದರೆ ಆಗ ನನ್ನೆದುರು ಯಾರಿರುತ್ತಿದ್ದರು? ಯಾವುದೋ ಗೋಡೆ, ಇಲ್ಲವೇ ಮಲಗಿದ ನಾಯಿ.

ಒಂದೇ ಕನ್ನಡಿ ಇದ್ದರೆ ಠೀವಿ ಎಂದು ಮಹಾಂತೇಶ ಎಡಗಡೆಯ ನನ್ನ ಜೋಡಿಯನ್ನು ಕಿತ್ತೆಸೆದ. ಗಾಡಿಯನ್ನು ಯದ್ವಾತದ್ವಾ ಓಡಿಸಿ, ನಟ್ಟುಬೋಲ್ಟು ಸಡಿಲವಾಗಿ, ನಡುಕ ಎರಡರಷ್ಟಾದ ಮೇಲೆ ಮಾರಿಬಿಟ್ಟ. ಹೀಗೆ ನಾನು ಲಕ್ಷ್ಮೇಶ್ವರದ ಫಕೀರಪ್ಪ ಹಡಪದನ ಕೈಗೆ ಬಂದೆ.

ಫಕೀರಪ್ಪ ಕ್ಷೌರಿಕ. ಪೇಟೆಯಲ್ಲಿ ಅಂಗಡಿ ಇರಲಿಲ್ಲ. ಸುತ್ತಲಿನ ಹಳ್ಳಿಗಳೇ ಅವನ ಅಂಗಡಿ. ಬೆಳಿಗ್ಗೆ ಕತ್ತಿ, ಕತ್ತರಿ, ಸಾಣೆಕಲ್ಲಿನ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಹೊರಡುತ್ತಿದ್ದ. ನನ್ನನ್ನು ಎಷ್ಟು ಬಿಗಿ ಮಾಡಿದರೂ ನಾನು ನಡುಗುತ್ತಿದ್ದೆ. ಅವನು ಒಂದು ಕೈಯಲ್ಲಿ ನನ್ನನ್ನು ಹಿಡಿದು, "ಅಲ್ಗಾಡಬ್ಯಾಡಲೇ" ಎನ್ನುತ್ತಿದ್ದ. ಅದು ಅವನ ವೃತ್ತಿಯ ಮಾತು. ಕಲ್ಲಿನ ಮೇಲೆ, ಕಟ್ಟೆಯ ಮೇಲೆ ಕೂತವರ ಗದ್ದ ಹಿಡಿದು ದಿನವಿಡೀ ಅದನ್ನೇ ಹೇಳುತ್ತಿದ್ದ. "ಅಲ್ಗಾಡಬ್ಯಾಡ್ರಿ ಅಜ್ಜಾರ." ಅಜ್ಜಂದಿರು ಅಲುಗಾಡುತ್ತಿರಲಿಲ್ಲ. ಅವನ ಕೈಯಲ್ಲಿ ಅವರಿಗೆ ನಿದ್ದೆಯೇ ಬಂದುಬಿಡುತ್ತಿತ್ತು.

ಅವನ ಕೈಗುಣ ಆ ಹಳ್ಳಿಗಳಲ್ಲಿ ಮನೆಮಾತು. ಮಗುವಿನ ಜವಳ, ಅಂದರೆ ಹುಟ್ಟುಕೂದಲು ತೆಗೆಸುವ ಶಾಸ್ತ್ರ, ಫಕೀರಪ್ಪನಿಂದಲೇ ಆಗಬೇಕು. ಅವನ ಕೈ ಮುಟ್ಟಿದ ಕೂಸು ಬಾಳುತ್ತದೆ ಎಂದು ತಾಯಂದಿರ ನಂಬಿಕೆ. ಅವನೂ ಅದನ್ನು ನಂಬಿದ್ದ. ಜವಳದ ಹಿಂದಿನ ದಿನ ಒಪ್ಪತ್ತು ಮಾತ್ರ ಉಣ್ಣುತ್ತಿದ್ದ.

ಆ ಕೈಯನ್ನೇ ಇಂಜಿನ್ ತಿನ್ನತೊಡಗಿತು. ಮೊದಮೊದಲು ಗಾಡಿ ಇಳಿದ ಮೇಲೆ ಒಂದಿಷ್ಟು ಜೋಮು. ಕೈ ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಹೋಗಲಿಲ್ಲ. ಚಳಿಗಾಲದಲ್ಲಿ ಬೆರಳ ತುದಿಗಳು ಬಿಳಿಚಿಕೊಂಡು ಸೀಮೆಸುಣ್ಣದಂತಾಗುತ್ತಿದ್ದವು. ಅವನ ಹೆಂಡತಿ ನೀಲವ್ವ ಹ್ಯಾಂಡಲ್ಲಿಗೆ ಹಳೆಯ ಕಂಬಳಿಯ ಚೂರು ಸುತ್ತಿಕೊಟ್ಟಳು. ಮೆಕ್ಯಾನಿಕ್ ದಾದಾಪೀರ ರಬ್ಬರು ಬದಲಿಸಿ, ಬೋಲ್ಟು ಬಿಗಿದು, ಹ್ಯಾಂಡಲಿನ ಎರಡೂ ತುದಿಗೆ ಸೀಸ ತುಂಬಿದ. ಒಂದು ವಾರ ನಾನೂ ತುಸು ತಿಳಿಯಾದೆ. ಎಮ್ಮೆಗೆ ಎಮ್ಮೆಯ ಆಕಾರವೇ ಬಂತು. ಮತ್ತೆ ಎಂದಿನಂತೆ ನಡುಕ.

"ಇದರ ಹುಟ್ಟುಗುಣಾನ ಇಷ್ಟ ಫಕೀರಣ್ಣಾ," ಎಂದ ದಾದಾಪೀರ. "ಗಾಡಿ ಬದಲ ಮಾಡು."

ಬೇರೆ ಗಾಡಿಗೆ ದುಡ್ಡಿರಲಿಲ್ಲ. ಡಾಕ್ಟರಂತೂ ಗಾಡಿಯನ್ನೇ ಬಿಡು ಎಂದಿದ್ದರು. ಅಂಗಳದಲ್ಲಿ ನನ್ನ ಪಕ್ಕ ನಿಂತು ಅವನು ಇದನ್ನು ನೀಲವ್ವನಿಗೆ ಹೇಳಿದ.

"ಹಂಗಾರ ಬಿಡ್ರಿ," ಎಂದಳು ಅವಳು.

"ಬಿಟ್ಟರ ಹಳ್ಳಿಗೆ ಹ್ಯಾಂಗ ಹೋಗ್ಲಿ? ಬಸ್ಸು ಮುಟ್ಟೂದ್ರಾಗ ಮಂದಿ ಹೊಲಕ್ಕ ಹೋಗಿರ್ತಾರ."

ಕೈ ಬೇಕೆಂದರೆ ಗಾಡಿ ಬಿಡಬೇಕು, ಗಾಡಿ ಬಿಟ್ಟರೆ ಕೈಗೆ ಕೆಲಸವಿಲ್ಲ. ನೀಲವ್ವ ಒಳಗೆ ಹೋದಳು. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು, ಅವನ ಬೆರಳುಗಳನ್ನು ಒಂದೊಂದಾಗಿ ತಿಕ್ಕಿದಳು.

ಆ ಮಾಘದಲ್ಲಿ ಸಂಗನಗೌಡರ ಮೊಮ್ಮಗನ ಜವಳ ಬಂತು. ಗೌಡರ ಮನೆಯ ಮೂರು ತಲೆಮಾರಿನ ಜವಳವನ್ನು ಫಕೀರಪ್ಪನ ಮನೆಯವರೇ ಮಾಡಿದ್ದರು. ರಸ್ತೆಗೆ ಹೊಸದಾಗಿ ಜಲ್ಲಿ ಸುರಿದಿದ್ದರು. ಆ ಹಾದಿಯಲ್ಲಿ ನನ್ನೊಳಗೆ ಏನೂ ಕಾಣಲಿಲ್ಲ, ಬರೀ ಧೂಳು ಬಣ್ಣದ ನಡುಕ.

ಗೌಡರ ಅಂಗಳದಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಂತಿತು. ಅಂದು ಮಾತ್ರ ನನ್ನೆದುರು ಗೋಡೆ ಇರಲಿಲ್ಲ, ಇಡೀ ಅಂಗಳವಿತ್ತು. ಮಣೆಯ ಮೇಲೆ ಸೋದರಮಾವ, ಅವನ ತೊಡೆಯ ಮೇಲೆ ಕೂಸು. ಕೂದಲು ನೆಲಕ್ಕೆ ಬೀಳಬಾರದೆಂದು ಸೋದರತ್ತೆ ಹೊಸ ಸೀರೆಯ ಸೆರಗೊಡ್ಡಿ ಕೂತಿದ್ದಳು. ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು, ಫಕೀರಪ್ಪನ ಬಿಳಿಚಿದ ಬೆರಳುಗಳೂ.

"ಬಾರಪ್ಪಾ, ಹೊತ್ತು ಮೀರತೈತಿ," ಎಂದರು ಗೌಡರು.

"ಒಂದೀಟು ತಡೀರಿ ಗೌಡ್ರ. ಕತ್ತಿ ಮಸಿಬೇಕು."

ಕತ್ತಿ ಹರಿತವಾಗಿಯೇ ಇತ್ತು. ಕೈ ಜೋಮು ಹಿಡಿದಿದೆ ಎಂದು ಹೇಳಬಹುದಿತ್ತು. ಆದರೆ ಕೈಗುಣಕ್ಕೆಂದು ಕರೆದವರ ಮುಂದೆ ಕೈಯೇ ಇಲ್ಲ ಎಂದು ಯಾವ ಬಾಯಿಂದ ಹೇಳುತ್ತಾನೆ? ಜೋಮು ಇಳಿಯಲಿ ಎಂದು ಸಾಣೆಕಲ್ಲಿನ ಮೇಲೆ ಕತ್ತಿ ಎಳೆಯುತ್ತಲೇ ಇದ್ದ. ಗೌಡರು ಮತ್ತೆ ಕರೆದರು. ಮತ್ತೆ ಮಸೆದ. ಜೋಮು ಇಳಿಯಲಿಲ್ಲ. ಕತ್ತಿ ಮಾತ್ರ ಎಂದೂ ಇಲ್ಲದಷ್ಟು ಹರಿತವಾಯಿತು. ನನಗೆ ಬಾಯಿಲ್ಲದ್ದಕ್ಕೆ ಅಂದು ಪಟ್ಟ ಸಂಕಟ ಇನ್ನೆಂದೂ ಪಟ್ಟಿಲ್ಲ.

ಮೂರನೆಯ ಸಲ ಕರೆದಾಗ ಅವನು ಎದ್ದ. ಸೋದರಮಾವ ಶಾಸ್ತ್ರಕ್ಕೆಂದು ಒಂದು ಎಳೆ ಕೂದಲು ಕತ್ತರಿಸಿದ. ಫಕೀರಪ್ಪ ಮಗುವಿನ ತಲೆಗೆ ನೀರು ಹಚ್ಚಿ, "ಅಲ್ಗಾಡಬ್ಯಾಡ ನನ್ನಪ್ಪಾ," ಎಂದ. ಕೂಸು ಅಲುಗಾಡಲಿಲ್ಲ. ಕಣ್ಣು ಬಿಟ್ಟುಕೊಂಡು ಬೇವಿನ ಮರ ನೋಡುತ್ತಿತ್ತು. ಕೈ ಜಾರಿತು. ಸೆರಗಿನಲ್ಲಿ ಕೂದಲಿನ ಜೊತೆ ರಕ್ತ ಬಿತ್ತು.

ಗಾಯ ದೊಡ್ಡದಲ್ಲ. ಅಜ್ಜಿ ಅರಿಸಿನ ಒತ್ತಿದಳು, ಅಳು ನಿಂತಿತು. ಗೌಡರು ಬೈಯಲಿಲ್ಲ. ಉಳಿದ ಕೂದಲನ್ನು ಅವನಿಂದ ತೆಗೆಸಲಿಲ್ಲ, ಅಷ್ಟೇ. ಊಟಕ್ಕೆ ಕೂರಿಸಿದರು. ಕೊಡಬೇಕಾದ ಧೋತರ, ತೆಂಗಿನಕಾಯಿ ಕೊಟ್ಟರು. ಅವನು ಹೊರಡುವಾಗ ಕೂಸಿನ ತಾಯಿ ಮಗುವಿನ ತಲೆಯ ಮೇಲೆ ಸೆರಗೆಳೆದು ಒಳಗೆ ಹೋದಳು. ನಾನು ಅದನ್ನು ನೋಡಿದೆ. ಅವನೂ ನನ್ನಲ್ಲೇ ಅದನ್ನು ನೋಡಿದ.

ಆಮೇಲೆ ಜವಳಕ್ಕೆ ಯಾರೂ ಕರೆಯಲಿಲ್ಲ. ಬರಬರುತ್ತಾ ಅಜ್ಜಂದಿರೂ ಬೇರೆಯವರ ಕೈಗೆ ಗದ್ದ ಕೊಟ್ಟರು. "ಫಕೀರಪ್ಪನ ಕೈಗುಣ ಹೋತಂತ," ಎಂದು ಕಟ್ಟೆಯ ಮೇಲೆ ಕೂತವರು ಹೇಳುವುದು ಗಾಡಿಯ ಸದ್ದು ಮೀರಿ ಕೇಳುತ್ತಿತ್ತು. ಹೋಗುವ ಊರಿಲ್ಲದ ಮೇಲೆ ಗಾಡಿ ಯಾಕೆ? ದಾದಾಪೀರ ಬಿಡಿಭಾಗಕ್ಕೆಂದು ಅದನ್ನು ತೆಗೆದುಕೊಂಡ. ಫಕೀರಪ್ಪ ನನ್ನೊಬ್ಬನನ್ನು ಬಿಚ್ಚಿ ಮನೆಗೆ ತಂದ.

"ಅದ್ಯಾಕ ಅದೊಂದು?" ಎಂದು ನೀಲವ್ವ ಕೇಳಿದಳು.

"ಗಡ್ಡಾ ಮಾಡ್ಕೊಳ್ಳಾಕ," ಎಂದ. "ಗಾಡಿ ಬಿಟ್ಟಿನಲ್ಲ, ಇನ್ನ ಕೈ ನೆಟ್ಟಗಾಗತೈತಿ."

ಈಗ ನಾನು ಅವನ ಪಡಸಾಲೆಯ ಕಂಬಕ್ಕೆ ಹೊಡೆದ ಮೊಳೆಯ ಮೇಲೆ ನಿಂತಿದ್ದೇನೆ. ಮೂಲೆಯಲ್ಲಿ ಒಂದು ಬಿರುಕಿದೆ, ಬೆನ್ನಿನ ಬಣ್ಣ ಉದುರುತ್ತಿದೆ. ಆದರೂ ಇಂಜಿನ್ ಇಲ್ಲ, ರಸ್ತೆ ಇಲ್ಲ. ಹುಟ್ಟಿದ ದಿನ ಆ ಹುಡುಗಿಯ ಬೊಟ್ಟು ಕಂಡಷ್ಟೇ ಸ್ಪಷ್ಟವಾಗಿ ಎಲ್ಲವೂ ಕಾಣುತ್ತದೆ. ಇದಕ್ಕಾಗಿಯೇ ನಾನು ಇಷ್ಟು ವರ್ಷ ಆಸೆಪಟ್ಟಿದ್ದೆ. ಈಗ ಬೇಡವಾಗಿದೆ.

ದಿನಾ ಬೆಳಿಗ್ಗೆ ಅವನು ನನ್ನೆದುರು ನಿಂತು ಕೆನ್ನೆಗೆ ನೊರೆ ಹಚ್ಚುತ್ತಾನೆ. ಕತ್ತಿ ಎತ್ತುತ್ತಾನೆ. ನೀಲವ್ವ ಒಲೆಯ ಮುಂದಿನಿಂದ ನೋಡುತ್ತಿರುತ್ತಾಳೆ. ಕತ್ತಿ ಕೆನ್ನೆಯ ಹತ್ತಿರ ಬರುತ್ತದೆ, ನಿಲ್ಲುತ್ತದೆ. ನೊರೆ ಒಣಗುವವರೆಗೂ ಹಾಗೇ ನಿಂತಿದ್ದು, ಒರೆಸಿಕೊಂಡು ಹೋಗುತ್ತಾನೆ. ಗಡ್ಡ ಎದೆಯವರೆಗೆ ಬಂದಿದೆ.

ಇವತ್ತೂ ಕತ್ತಿ ಎತ್ತಿ, ನನ್ನಲ್ಲಿ ತನ್ನ ಕೈಯನ್ನೇ ನೋಡುತ್ತ ನಿಂತ. "ಅಲ್ಗಾಡಬ್ಯಾಡ," ಎಂದ ಮೆಲ್ಲಗೆ.

ಹಳೆಯ ಅಭ್ಯಾಸ, ನನಗೇ ಹೇಳುತ್ತಿದ್ದಾನೆ ಎಂದುಕೊಂಡೆ. ಆದರೆ ನಾನು ಅಲುಗಾಡುತ್ತಿರಲಿಲ್ಲ.